ಹರಾಜಿನ ದಿನವೇ ಮಾರ್ಕ್ಸ್ ಹಾಕುವವರಿಗೆ ಒಂದು ಬಹಿರಂಗ ಪತ್ರ

ಆರ್.ಟಿ. ನಗರ, ಬೆಂಗಳೂರು
ಡಿಸೆಂಬರ್ ಕೊನೆಯ ವಾರ, 2025

ಕನ್ನಡದ ಕ್ರೀಡಾ ವರದಿಗಾರರಿಗೆ, ಸಂಪಾದಕರಿಗೆ, ಸಂಜೆಯ ಚರ್ಚೆಗಳಲ್ಲಿ ಕೂರುವ ವಿಶ್ಲೇಷಕರಿಗೆ,

ಡಿಸೆಂಬರ್ 16ರಂದು ಅಬುಧಾಬಿಯಲ್ಲಿ ಐಪಿಎಲ್ ಮಿನಿ ಹರಾಜು ಮುಗಿಯಿತು. ಆರ್‌ಸಿಬಿ ವೆಂಕಟೇಶ್ ಅಯ್ಯರ್ ಅವರನ್ನು 7 ಕೋಟಿಗೆ ಕೊಂಡಿತು. ರಾತ್ರಿ ಊಟದ ಹೊತ್ತಿಗೆಲ್ಲ ನಿಮ್ಮಲ್ಲಿ ಹಲವರು ಹತ್ತೂ ತಂಡಗಳಿಗೆ ಮಾರ್ಕ್ಸ್ ಹಾಕಿ ಮುಗಿಸಿದ್ದಿರಿ. ನಮ್ಮ ತಂಡಕ್ಕೆ ‘ಆನೆಬಲ’ ಬಂದಿತ್ತು, ಎದುರಾಳಿಗಳಿಗೆ ‘ನಡುಕ’ ಶುರುವಾಗಿತ್ತು. ಹಿಂದಿನ ವರ್ಷ ಜೆಡ್ಡಾದ ಹರಾಜಿನಲ್ಲಿ ಇದೇ ಅಯ್ಯರ್‌ಗಾಗಿ ಆರ್‌ಸಿಬಿ 23.50 ಕೋಟಿವರೆಗೂ ಹೋಗಿ ಕೈಬಿಟ್ಟಿತ್ತು. ಕೋಲ್ಕತ್ತ 23.75 ಕೋಟಿ ಕೊಟ್ಟು ಕೊಂಡಿತು. ಆ ಸೀಸನ್‌ನಲ್ಲಿ 11 ಪಂದ್ಯ ಆಡಿದ ಅವರು ಗಳಿಸಿದ್ದು 142 ರನ್. ಈಗ ನನಗೆ ಗೊತ್ತಾಗಬೇಕಿದ್ದದ್ದು ಒಂದೇ: ಸಾಲ್ಟ್, ಕೊಹ್ಲಿ, ಪಡಿಕ್ಕಲ್, ಪಾಟೀದಾರ್, ಜಿತೇಶ್ ಇರುವ ಬ್ಯಾಟಿಂಗ್ ಸಾಲಿನಲ್ಲಿ ಇವರು ಎಲ್ಲಿ ಆಡುತ್ತಾರೆ, ಇವರಿಗಾಗಿ ಯಾರು ಬೆಂಚಿನಲ್ಲಿ ಕೂರುತ್ತಾರೆ? ಎಷ್ಟು ಚಾನೆಲ್ ತಿರುಗಿಸಿದರೂ ಆ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ.

ಹರಾಜಿನ ಬಗ್ಗೆ ನೀವು ಕೊಡುವ ತೀರ್ಪುಗಳನ್ನು ಸೀಸನ್ ಮುಗಿದ ಮೇಲೆ ನೀವೇ ಒಮ್ಮೆ ತೆಗೆದು ನೋಡಬೇಕು. 2014ರಲ್ಲಿ ಯುವರಾಜ್ ಸಿಂಗ್‌ಗೆ 14 ಕೋಟಿ ಕೊಟ್ಟೆವು, ವರ್ಷ ತುಂಬುವುದರೊಳಗೆ ಬಿಟ್ಟೆವು. 2021ರಲ್ಲಿ ಕೈಲ್ ಜೇಮಿಸನ್‌ಗೆ 15 ಕೋಟಿ. ಬಂದದ್ದು 9 ಪಂದ್ಯಗಳಲ್ಲಿ 9 ವಿಕೆಟ್. ಎಂಟು ಸೀಸನ್ ನಮಗಾಗಿ ದುಡಿದ ಯುಜ್ವೇಂದ್ರ ಚಾಹಲ್‌ರನ್ನು 2022ರಲ್ಲಿ ಕೈಬಿಟ್ಟೆವು. ಅದೇ ವರ್ಷ ಅವರು ರಾಜಸ್ಥಾನಕ್ಕೆ ಆಡಿ 27 ವಿಕೆಟ್ ಕಿತ್ತು ಪರ್ಪಲ್ ಕ್ಯಾಪ್ ಹಾಕಿಕೊಂಡರು.

ಇನ್ನೊಂದು ಕಡೆಯಿಂದಲೂ ನೋಡಿ. 2011ರ ಹರಾಜಿನಲ್ಲಿ ಕ್ರಿಸ್ ಗೇಲ್‌ರನ್ನು ಯಾರೂ ಕೊಳ್ಳಲಿಲ್ಲ. ಡರ್ಕ್ ನ್ಯಾನಸ್ ಗಾಯಗೊಂಡಿದ್ದರಿಂದ ಸೀಸನ್ ಮಧ್ಯದಲ್ಲಿ ಬಂದವರು ಮೊದಲ ಪಂದ್ಯದಲ್ಲೇ ಶತಕ ಹೊಡೆದು, ಕೊನೆಗೆ 608 ರನ್ ಪೇರಿಸಿದರು. 2022ರಲ್ಲಿ ರಜತ್ ಪಾಟೀದಾರ್ ಕೂಡ ಅನ್‌ಸೋಲ್ಡ್. ನಮ್ಮ ಕರ್ನಾಟಕದ ಹುಡುಗ ಲವನೀತ್ ಸಿಸೋಡಿಯಾಗೆ ಗಾಯವಾದಾಗ ಅವರ ಜಾಗಕ್ಕೆ ಬಂದು, ಈಡನ್ ಗಾರ್ಡನ್ಸ್‌ನ ಎಲಿಮಿನೇಟರ್‌ನಲ್ಲಿ 54 ಎಸೆತಕ್ಕೆ ಅಜೇಯ 112 ಹೊಡೆದರು. ಇವತ್ತು ಅವರೇ ನಮ್ಮ ಕಪ್ ಗೆದ್ದ ಕ್ಯಾಪ್ಟನ್. ಮೂರನೆಯವರು ಇದೇ ಊರಿನ ಮಯಾಂಕ್ ಅಗರ್ವಾಲ್. ಜೆಡ್ಡಾದಲ್ಲಿ ಅವರ ಹೆಸರು ಕೂಗಿದಾಗ ಯಾರೂ ಕೈ ಎತ್ತಲಿಲ್ಲ. 2025ರ ಮೇ ತಿಂಗಳಲ್ಲಿ ಪಡಿಕ್ಕಲ್ ಗಾಯಗೊಂಡ ಮೇಲೆ ಕರೆ ಬಂತು. ಲಖನೌ ವಿರುದ್ಧ 228 ರನ್ ಬೆನ್ನಟ್ಟುವಾಗ ಜಿತೇಶ್ ಶರ್ಮಾ 33 ಎಸೆತಗಳಲ್ಲಿ ಅಜೇಯ 85 ಸಿಡಿಸಿದ್ದು ಎಲ್ಲರಿಗೂ ನೆನಪಿದೆ. ಇನ್ನೊಂದು ತುದಿಯಲ್ಲಿ 41 ರನ್ ಗಳಿಸಿ ಔಟಾಗದೆ ನಿಂತಿದ್ದವರು ಮಯಾಂಕ್.

ಅದೇ ವರ್ಷ ನಮಗೆ ಕಪ್ ತಂದ ಜೂನ್ 3ರ ಫೈನಲ್‌ನಲ್ಲಿ ಪಂದ್ಯ ತಿರುಗಿಸಿದ್ದು 5.75 ಕೋಟಿಯ ಕೃಣಾಲ್ ಪಾಂಡ್ಯ: ನಾಲ್ಕು ಓವರ್, 17 ರನ್, 2 ವಿಕೆಟ್. ಜೆಡ್ಡಾ ಹರಾಜಾದ ವಾರ ನಮ್ಮ ಬೀದಿಯ ಮಾತೆಲ್ಲ ಕೆ.ಎಲ್. ರಾಹುಲ್ ಡೆಲ್ಲಿಗೆ ಹೋದರಲ್ಲ ಎಂಬುದರ ಸುತ್ತಲೇ ಇತ್ತು. ಕೃಣಾಲ್ ಹೆಸರೆತ್ತಿದವರು ಕಡಿಮೆ. ಮಹಿಳಾ ತಂಡದ್ದೂ ಇದೇ ಕಥೆ. ಆರ್‌ಸಿಬಿಗೆ ಮೊದಲ ಕಪ್ ತಂದವರು 2024ರ ಮಾರ್ಚ್‌ನಲ್ಲಿ ಗೆದ್ದ ಹೆಣ್ಣುಮಕ್ಕಳು. ಫೈನಲ್‌ನಲ್ಲಿ 12 ರನ್ನಿಗೆ 4 ವಿಕೆಟ್ ಪಡೆದ ಶ್ರೇಯಾಂಕಾ ಪಾಟೀಲ್‌ರನ್ನು ತಂಡ ಕೊಂಡದ್ದು ಬರೀ 10 ಲಕ್ಷಕ್ಕೆ.

ಹರಾಜೇ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಹೇಜಲ್‌ವುಡ್‌ಗೆ ಕೊಟ್ಟ 12.50 ಕೋಟಿಯ ಒಂದೊಂದು ರೂಪಾಯಿಯೂ ವಸೂಲಾಯಿತು. ಆದರೆ ಹರಾಜಿನ ಬೆಲೆ ಹುಟ್ಟುವುದು ಆ ಕ್ಷಣ ಎರಡು ತಂಡಗಳ ಜೇಬಿನಲ್ಲಿ ಎಷ್ಟು ದುಡ್ಡು ಉಳಿದಿದೆ ಎನ್ನುವುದರ ಮೇಲೆ. ಆಟಗಾರನ ಯೋಗ್ಯತೆಯನ್ನು ಅದು ಅಷ್ಟಾಗಿ ಹೇಳುವುದಿಲ್ಲ. ನೀವು ಆ ಅಂಕಿಯನ್ನೇ ಯೋಗ್ಯತೆ ಎಂದು ಓದಿ ಹೇಳುತ್ತೀರಿ. ಏಪ್ರಿಲ್‌ನಲ್ಲಿ ಎರಡು ಪಂದ್ಯ ಸೋತರೆ ಅದೇ ಹುಡುಗನನ್ನು ‘ಕೋಟಿ ಕೋಟಿ ದಂಡ’ ಎಂದು ಬೈಯುತ್ತೀರಿ. ಅವನು ಕೇಳಿದ ಬೆಲೆ ಅದಲ್ಲ. ಹರಾಜಿನ ಟೇಬಲ್ಲಿನಲ್ಲಿ ಕೈ ಎತ್ತಿದವರು ಬೇರೆ.

ನನಗೆ ಹೆಚ್ಚು ನೋವಾಗುವುದು ಈ ಗದ್ದಲದಲ್ಲಿ ನಿಜವಾದ ಆಟ ಮುಳುಗಿಹೋಗುತ್ತದಲ್ಲ, ಅದಕ್ಕೆ. ಡಿಸೆಂಬರ್ 24ನ್ನೇ ತೆಗೆದುಕೊಳ್ಳಿ. ಅಂದು ಅಹಮದಾಬಾದಿನಲ್ಲಿ ವಿಜಯ್ ಹಜಾರೆ ಟ್ರೋಫಿಯ ಪಂದ್ಯ. ಜಾರ್ಖಂಡ್ 412 ರನ್ ಹೊಡೆಯಿತು. ಇಶಾನ್ ಕಿಶನ್ 39 ಎಸೆತಕ್ಕೆ 125. ಕರ್ನಾಟಕ ಅದನ್ನು 15 ಎಸೆತ ಉಳಿಸಿಕೊಂಡು ಬೆನ್ನಟ್ಟಿ ಗೆದ್ದಿತು. ದೇವದತ್ತ್ ಪಡಿಕ್ಕಲ್ 118 ಎಸೆತಗಳಲ್ಲಿ 147. ಜೆಡ್ಡಾದಲ್ಲಿ ಆರ್‌ಸಿಬಿ ಈ ಪಡಿಕ್ಕಲ್‌ಗೆ ಕೊಟ್ಟದ್ದು 2 ಕೋಟಿ. ಐವತ್ತು ಓವರ್‌ಗಳಲ್ಲಿ 413ರ ಗುರಿ ಮುಟ್ಟುವುದು ದಿನಾ ನಡೆಯುವ ಮಾತೇ? ಆ ಇನ್ನಿಂಗ್ಸ್ ಹೇಗೆ ಕಟ್ಟಿದರು, ಯಾವ ಬೌಲರ್‌ನನ್ನು ಆರಿಸಿ ಹೊಡೆದರು ಎಂದು ವಿವರವಾಗಿ ಬರೆಯುವವರನ್ನು ಹುಡುಕಿ ಸಾಕಾಯಿತು.

ಅದೇ ದಿನ ನಮ್ಮ ಉತ್ತರ ಬೆಂಗಳೂರಿನಲ್ಲೂ ಪಂದ್ಯವಿತ್ತು. ಹೆಬ್ಬಾಳ, ಯಲಹಂಕ ದಾಟಿ ಏರ್‌ಪೋರ್ಟ್ ಕಡೆ ಹೋದರೆ ಬಿಸಿಸಿಐನ ಸೆಂಟರ್ ಆಫ್ ಎಕ್ಸಲೆನ್ಸ್. 2024ರ ಸೆಪ್ಟೆಂಬರ್‌ನಲ್ಲಿ ಶುರುವಾದದ್ದು, 40 ಎಕರೆ, ಮೂರು ಮೈದಾನ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅನುಮತಿ ಸಿಗದೆ ಡೆಲ್ಲಿ-ಆಂಧ್ರ ಪಂದ್ಯ ಅಲ್ಲಿಗೆ ಬಂತು, ಕೊಹ್ಲಿ 131 ಹೊಡೆದರು. ನೋಡಲು ಒಬ್ಬ ಪ್ರೇಕ್ಷಕನಿಗೂ ಪ್ರವೇಶವಿರಲಿಲ್ಲ.

ಯಾಕಿರಲಿಲ್ಲ ಎನ್ನುವುದು ಈ ಬಿಡುವಿನ ತಿಂಗಳುಗಳ ದೊಡ್ಡ ಸುದ್ದಿಯಾಗಬೇಕಿತ್ತು. ಕಪ್ ಗೆದ್ದ ಮರುದಿನ, ಜೂನ್ 4ರಂದು, ವಿಜಯೋತ್ಸವದ ಹೊತ್ತಿನಲ್ಲಿ ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಹೊರಗೆ ಜೀವ ಹೋಗುತ್ತಿದ್ದಾಗ ಒಳಗಿನ ಸಂಭ್ರಮ ನಿಮ್ಮ ಪರದೆಗಳ ಮೇಲೆ ಲೈವ್ ಬರುತ್ತಿತ್ತು. ದೊಡ್ಡ ಜನಸಂದಣಿಗೆ ಆ ಜಾಗ ತಕ್ಕದ್ದಲ್ಲ ಎಂದು ನ್ಯಾಯಮೂರ್ತಿ ಡಿಕುನ್ಹಾ ಆಯೋಗ ವರದಿ ಕೊಟ್ಟಿತು. ಮಹಿಳಾ ವಿಶ್ವಕಪ್ ಪಂದ್ಯಗಳು ನಮ್ಮ ಊರಿನಿಂದ ನವಿ ಮುಂಬೈಗೆ ಹೋದವು. ಮಹಾರಾಜ ಟ್ರೋಫಿ ಮೈಸೂರಿಗೆ ಹೋಯಿತು. ಡಿಸೆಂಬರ್ 7ರಂದು ವೆಂಕಟೇಶ್ ಪ್ರಸಾದ್ ರಾಜ್ಯ ಕ್ರಿಕೆಟ್ ಸಂಸ್ಥೆ ಕೆಎಸ್‌ಸಿಎಯ ಅಧ್ಯಕ್ಷರಾಗಿ ಆಯ್ಕೆಯಾದರು. ಗೇಟುಗಳು ಅಗಲವಾಗುತ್ತವೆಯೇ, ಟಿಕೆಟ್ ಇಲ್ಲದವರನ್ನು ಎಷ್ಟು ದೂರದಲ್ಲಿ ತಡೆಯುತ್ತಾರೆ, ಆಂಬುಲೆನ್ಸ್ ಎಲ್ಲಿ ನಿಲ್ಲುತ್ತದೆ? ಮಕ್ಕಳನ್ನು ಕರೆದುಕೊಂಡು ಮ್ಯಾಚಿಗೆ ಹೋಗುವ ನಮ್ಮಂಥವರಿಗೆ ಬೇಕಾದದ್ದು ಈ ಉತ್ತರಗಳು. ಇವನ್ನು ದಿನವೂ ಬೆನ್ನು ಹತ್ತಿ ಕೇಳುವ ಶಕ್ತಿ ನಿಮಗಿದೆ, ನಮಗಿಲ್ಲ. ಆ ಹೊತ್ತನ್ನೆಲ್ಲ ‘ಸ್ಟಾರ್ ಆಟಗಾರನಿಗೆ ಗೇಟ್‌ಪಾಸ್?’ ಎಂಬ ಪ್ರಶ್ನಾರ್ಥಕ ಚಿಹ್ನೆಯ ಸುದ್ದಿಗಳಿಗೆ ಸುರಿದುಬಿಟ್ಟಿರಿ.

ವರದಿಗಾರರ ಕಷ್ಟ ನನಗೆ ಅರ್ಥವಾಗುತ್ತದೆ. ಸ್ಟುಡಿಯೋದಲ್ಲಿ ಕೂತು ಮಾತಾಡಿಸುವುದು ಅಗ್ಗ, ಮೈದಾನಕ್ಕೆ ಒಬ್ಬರನ್ನು ದಿನವಿಡೀ ಕಳಿಸುವುದು ಖರ್ಚಿನ ಬಾಬತ್ತು. ಆದರೂ ಆಲೂರು ಅಷ್ಟೇನೂ ದೂರವಿಲ್ಲ. ಯಶವಂತಪುರದಿಂದ ಗೊರಗುಂಟೆಪಾಳ್ಯ, ಜಾಲಹಳ್ಳಿ ಕ್ರಾಸ್ ದಾಟಿ ತುಮಕೂರು ರಸ್ತೆ ಹಿಡಿದರೆ ಕೆಎಸ್‌ಸಿಎಯ ಮೂರು ಮೈದಾನಗಳು ಸಿಗುತ್ತವೆ. ಅಲ್ಲಿ ಲೀಗ್ ಪಂದ್ಯ ನೋಡುತ್ತ ಬೌಂಡರಿ ಹಗ್ಗದ ಪಕ್ಕ ನಿಂತರೆ ಟಿವಿಯಲ್ಲಿ ಎಂದೂ ಕೇಳದ ಸದ್ದುಗಳು ಕೇಳುತ್ತವೆ. ಚೆಂಡು ಕೀಪರನ ಗ್ಲೌಸಿಗೆ ಬೀಳುವ ಸದ್ದಿನಿಂದಲೇ ಬೌಲರ್‌ನ ವೇಗ ಹೇಳಬಹುದು. ಸ್ಲಿಪ್‌ನವನು ಕನ್ನಡದಲ್ಲೇ ಬೌಲರ್‌ನನ್ನು ಹುರಿದುಂಬಿಸುತ್ತಿರುತ್ತಾನೆ. ಸ್ಪಿನ್ನರ್ ಓವರ್ ಮುಗಿಸಿ ಬಂದು, ಸೊಂಟದ ಮೇಲೆ ಕೈಯಿಟ್ಟು, ತಾನು ಈಗಷ್ಟೇ ಹಾಕಿದ ಜಾಗವನ್ನೇ ದಿಟ್ಟಿಸುತ್ತಾನೆ. ಅಪ್ಪಂದಿರು ಸ್ಕೂಟರ್ ಮೇಲೆ ಕೂತು ಒಂದೂ ಮಾತಾಡದೆ ನೋಡುತ್ತಾರೆ. ಸ್ಕೌಟ್‌ಗಳು ಹುಡುಗರನ್ನು ಆರಿಸುವುದು ಇಂಥ ಪಂದ್ಯಗಳನ್ನು ನೋಡಿಯೇ. ಹರಾಜಿನ ದಿನ ನಿಮಗೆ ‘ಅಚ್ಚರಿಯ ಹೆಸರು’ ಅನ್ನಿಸುವವನು ಇಲ್ಲಿ ಎರಡು ವರ್ಷದಿಂದ ಆಡುತ್ತಿರುತ್ತಾನೆ.

ಜನವರಿಯಲ್ಲಿ ರಣಜಿ ಮತ್ತೆ ಶುರುವಾಗುತ್ತದೆ. ಕರ್ನಾಟಕ ಎಂಟು ಸಲ ಗೆದ್ದ ಟ್ರೋಫಿ ಅದು, ಕೊನೆಯ ಸಲ ಗೆದ್ದದ್ದು 2014-15ರಲ್ಲಿ. ಪ್ರತಿ ಪಂದ್ಯಕ್ಕೂ ಒಬ್ಬರನ್ನು ಕಳಿಸಿ, ನಾಲ್ಕೂ ದಿನ ಬರೆಸಿ. ಆರ್‌ಸಿಬಿ ಬಗ್ಗೆಯೂ ಬರೆಯಿರಿ, ಖಂಡಿತ ಓದುತ್ತೇನೆ, ಹದಿನೆಂಟು ವರ್ಷ ಕಾದು ಕಪ್ ಕಂಡವರು ನಾವು. ಬರೆಯುವಾಗ ಮೂಲ ಯಾರು ಎಂದು ಹೇಳಿ. ಮೂಲವಿಲ್ಲದಿದ್ದರೆ ಆ ಸುದ್ದಿಯನ್ನು ಬಿಡಿ. ಹಾಗೆಯೇ ಈ ತಿಂಗಳು ಹಾಕಿದ ಮಾರ್ಕ್ಸ್ ಪಟ್ಟಿಯನ್ನು ಜೂನ್‌ನಲ್ಲಿ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಇನ್ನೊಮ್ಮೆ ತೋರಿಸಿ.

ಇಂತಿ,
ಆರ್.ಟಿ. ನಗರದ ಒಬ್ಬ ಆರ್‌ಸಿಬಿ ಅಭಿಮಾನಿ