ಆಪ್ಷನ್ ಸರ್

ಇವರು ತಾಲ್ಲೂಕಿಗೊಬ್ಬರಂತೆ ಇದ್ದೇ ಇರುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಅಂಗಿಯ ಜೇಬಿನಲ್ಲಿ ಎರಡು ಕಪ್ಪು ಬಾಲ್‌ಪೆನ್ನು, ಕಂಕುಳಲ್ಲಿ ಝೆರಾಕ್ಸ್ ಹಾಳೆಗಳ ಸುರುಳಿ. ಕಟಿಂಗ್ ಅಂಗಡಿಯಲ್ಲಿ ನಿಮಗಿಂತ ಮುಂಚೆ ಅವರ ಪಾಳಿ ಬಂದಿದ್ದರೆ ಅಲ್ಲಿನ ಪೇಪರಿನ ಅನುಸ್ವಾರಗಳೆಲ್ಲ ಕಪ್ಪಾಗಿರುತ್ತವೆ. ಓಎಂಆರ್ ಹಾಳೆಯ ಗುಂಡಿ ತುಂಬಿ ತುಂಬಿ ಬಂದ ಚಟ. ಸೊನ್ನೆ ಕಂಡರೆ ಬಿಡಲಾರರು, ಗೆರೆ ದಾಟದ ಹಾಗೆ ತುಂಬುತ್ತಾರೆ. ಬಂಗಾರದ ದರ ನೋಡೋಣವೆಂದರೆ ಅದರ ಸೊನ್ನೆಗಳಿಗೂ ಅದೇ ಗತಿ.

ನನ್ನ ಹಣೆಗೆ ಬಂದವರು ರೋಣದ ಸರ್. ಫಿಜಿಕ್ಸ್ ಎಂ.ಎಸ್ಸಿ. ಬಹಳ ವರ್ಷ ಅತಿಥಿ ಉಪನ್ಯಾಸಕರಾಗಿದ್ದರು. ಕಾಯಂ ಆಗುವ ಆಸೆ ಕೈಬಿಟ್ಟ ಮೇಲೆ ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ ಸಿಇಟಿ, ನೀಟ್ ಕ್ಲಾಸ್ ಹಾಕಿದರು. ವಾರದ ಮೊದಲರ್ಧ ರೋಣ, ಆಮೇಲೆ ನರಗುಂದ, ಶನಿವಾರ ರವಿವಾರ ಗಜೇಂದ್ರಗಡ. ರೊಕ್ಕ ಇದ್ದವರ ಮಕ್ಕಳು ಧಾರವಾಡಕ್ಕೋ ಮಂಗಳೂರು ಕಡೆಯ ಹಾಸ್ಟೆಲ್ಲಿಗೋ ಹೋಗುತ್ತಾರೆ, ಉಳಿದವರು ಸರ್ ಪಾಲು. ಫೀ ಕೇಳಿದರೆ 'ಮೆಣಸಿನಕಾಯಿ ಮಾರಿದ ಮ್ಯಾಲ ಕೊಡ್ತೀವ್ರಿ' ಅನ್ನುತ್ತಾರೆ. ಮೆಣಸಿನಕಾಯಿ ದರ ಬಿದ್ದ ವರ್ಷ ಸರ್ ಹಳೇ ಚಪ್ಪಲಿಯಲ್ಲೇ ಯುಗಾದಿ ಮಾಡುತ್ತಾರೆ.

ಅವರ ಪಾಠದ ಮೊದಲ ಸೂತ್ರ: "ಪ್ರಶ್ನೆ ಆಮ್ಯಾಲ ಓದ್ರಿ, ಮೊದಲ ಆಪ್ಷನ್ ಓದ್ರಿ." ಯೂನಿಟ್ ಹೊಂದದ್ದನ್ನು ಒಗೆಯಿರಿ, ಗಾತ್ರದಲ್ಲಿ ಅತಿ ಅನ್ನಿಸಿದ್ದನ್ನು ಒಗೆಯಿರಿ, ಉಳಿದ ಎರಡರಲ್ಲಿ ದೇವರು ದಾರಿ ತೋರಿಸುತ್ತಾನೆ. ನೆಗೆಟಿವ್ ಮಾರ್ಕ್ಸಿಗೆ ಹೆದರುವ ಹುಡುಗರಿಗೆ ಬೋರ್ಡಿನ ಮೇಲೆ ಒಂದು ಲೆಕ್ಕ ಮಾಡಿ ತೋರಿಸುತ್ತಾರೆ. "ನೀಟ್‌ನಾಗ 180 ಪ್ರಶ್ನೆ. ಸರಿ ಆದ್ರ 4, ತಪ್ಪಾದ್ರ 1 ಕಟ್. ಕಣ್ಣ ಮುಚ್ಚಿ ಗುಂಡಿ ತುಂಬಿದ್ರ ನಾಲ್ಕಕ್ಕೊಂದು ಸರಿ ಬೀಳ್ತೈತಿ, ಅಂದ್ರ 45. ನಾಕ್ಲೆ ಗುಣಿಸ್ರಿ, 180. ತಪ್ಪಾದ 135 ಕಳೀರಿ. ಏನುಳೀತು? 45! ನಿಮ್ಮ ಹೊಲದಾಗಿನ ಎತ್ತಿಗೆ ಪೆನ್ನು ಕೊಟ್ರೂ ಸರಾಸರಿ 45 ಬರ್ತಾವು. ಅದರ ಮ್ಯಾಲಿಂದಷ್ಟ ನೀವು ಓದಿದ್ದು." ಲೆಕ್ಕ ಪಕ್ಕಾ ಇದೆ. ಬಿ.ಎ. ಓದಿದ ನನಗೂ ಒಮ್ಮೆ ಮಾಡೆಲ್ ಪೇಪರ್ ಕೊಟ್ಟು ಕೂರಿಸಿದರು. ಬಂದದ್ದು 31. ಆಗಿನಿಂದ ಜಾತ್ರೆಯಲ್ಲಿ ಜೋಡೆತ್ತು ಎದುರಾದರೆ ಬದಿಗೆ ಸರಿದು ದಾರಿ ಬಿಡುತ್ತೇನೆ.

ಇಷ್ಟಾದರೆ ಸಹಿಸಬಹುದಿತ್ತು. ಅವರು ಕ್ಲಾಸಿನ ಹೊರಗೂ ಆಪ್ಷನ್ ಕೊಡುತ್ತಾರೆ. ಒಂದು ಬ್ಯಾಸಗಿ, ಗಜೇಂದ್ರಗಡದಲ್ಲಿ ಬೀಗರ ಮನೆಯ ಲಗ್ನ, ಹನ್ನೆರಡೂವರೆಗೆ ಅಕ್ಕಿಕಾಳು. ರೋಣದ ಬಸ್‌ಸ್ಟ್ಯಾಂಡಿಗೆ ಹೊಸ ಧೋತರ ಎತ್ತಿ ಹಿಡಿದುಕೊಂಡು ಓಡಿ ಬಂದೆ. ಎದುರಿಗೆ ಸರ್, ಗಿರ್ಮಿಟ್ ಪೊಟ್ಟಣದೊಂದಿಗೆ. ಎಷ್ಟು ಸುಟ್ಟುಕೊಂಡರೂ ಬುದ್ಧಿ ಬಾರದ ನಾನು, "ಸರ್, ಗಜೇಂದ್ರಗಡದ ಬಸ್ ಹೋತೇನ್ರಿ?" ಎಂದು ಕೇಳಿಬಿಟ್ಟೆ.

"ನಾಲ್ಕು ಸಾಧ್ಯತಾ ಅದಾವ್ರಿ," ಎಂದು ಮಂಡಕ್ಕಿ ಅಗಿಯುತ್ತಲೇ ಸುರು ಮಾಡಿದರು. "ಎ, ಹೋಗೇತಿ. ಬಿ, ಇನ್ನೂ ಬಂದಿಲ್ಲ. ಸಿ, ಬಂದು ಆ ಮೂತ್ರಿಖಾನೆ ಕಡೆ ಮರಿಗೆ ನಿಂತೈತಿ. ಡಿ, ಇವತ್ತು ಕ್ಯಾನ್ಸಲ್. ಈಗ ಡಿ ಒಗೀರಿ. ಯಾಕ? ಲಗ್ನದ ಸೀಜನ್, ಇಂಥಾ ದಿನ ಕ್ಯಾನ್ಸಲ್ ಮಾಡೂದಿಲ್ಲ. ಎ ನೋಡೂಣು. ಹೋಗಿದ್ರ ಆ ಕಟ್ಟಿ ಮ್ಯಾಲಿನ ಮುದುಕಿ ಯಾಕ ಕುಂತಾಳ? ಆಕಿ ಗಜೇಂದ್ರಗಡದಾಕಿ, ಸೀರಿ ದಂಡಿ ನೋಡ್ರಿ, ಪಟ್ಟೇದಂಚು. ಹಂಗಾರ ಎ ಹೋತು. ಉಳಿದದ್ದು ಬಿ ಮತ್ತ ಸಿ…"

ನಾನು ಮುದುಕಿಯ ಕಡೆ ಹೊರಳಿದೆ. ಕಟ್ಟೆ ಖಾಲಿ ಇತ್ತು. ಮೂತ್ರಿಖಾನೆಯ ಮರೆಯಿಂದ ಬಸ್ಸು ಧೂಳೆಬ್ಬಿಸಿಕೊಂಡು ಹೊರಬಂತು, ಮುದುಕಿ ಕಿಟಕಿಯಲ್ಲಿ ಕೂತಿದ್ದಳು, ಕಂಡಕ್ಟರ್ ಸೀಟಿ ಊದಿದ. ಧೋತರ ಕಾಲಿಗೆ ತೊಡರಿಕೊಂಡು ನಾನು ಗೇಟಿನ ತನಕ ಓಡಿ ಬರಿಗೈಲಿ ಬಂದೆ. ಸರ್ ಮುಖದ ಮೇಲೆ ಬೆಳಕು ಚೆಲ್ಲಿತ್ತು. "ನೋಡಿದ್ರೇನ್ರಿ? ನಾ ಹೇಳಿದ್ದಿಲ್ಲ? ಸಿ!"

ಇದೇ ನನಗೆ ಮೈ ಉರಿಯುವುದು. ನಾಲ್ಕನ್ನೂ ಹೇಳಿಟ್ಟವನು ಎಂದೂ ತಪ್ಪುವುದಿಲ್ಲ. ಖಾನಾವಳಿಯಲ್ಲಿ ಪಲ್ಯ ಕೇಳಿದರೂ ಇದೇ, ನಮ್ಮ ಅಳಿಯನ ಮಗಳಿಗೆ ಹೆಸರು ಹುಡುಕುವಾಗಲೂ ಇದೇ. ತೊಟ್ಟಿಲ ಮುಂದೆ 'ಮೇಲಿನ ಎಲ್ಲವೂ' ಎಂದದ್ದನ್ನು ನಮ್ಮಕ್ಕ ಇನ್ನೂ ಮರೆತಿಲ್ಲ.

ನರಗುಂದಕ್ಕೆ ಹೋದಾಗ ಮಾತ್ರ ಅವರ ಪ್ರಶ್ನೆಗಳಿಗೆ ಬೇರೆಯೇ ಗತ್ತು ಬರುತ್ತದೆ. "ನರಗುಂದ ಬಂಡಾಯ ಆದದ್ದು ಯಾವ ವರ್ಷ? ಎ, 1857. ಬಿ, 1858. ಸಿ, 1980. ಡಿ, ಬಿ ಮತ್ತು ಸಿ." ಹುಡುಗರು ಒಂದೇ ದನಿಯಲ್ಲಿ ಡಿ ಎನ್ನುತ್ತಾರೆ. ಸರಿಯೇ. ಮೊದಲನೆಯದು ಬಾಬಾಸಾಹೇಬ ಭಾವೆಯದು, ಎರಡನೆಯದು ರೈತರದು. ಆದರೆ ದತ್ತಕಕ್ಕೆ ಕಂಪನಿ ಸರಕಾರ ಒಪ್ಪದೆ ಹೋದದ್ದು ಒಬ್ಬ ಸಂಸ್ಥಾನಿಕನನ್ನು ಎಲ್ಲಿಗೆ ತಂದು ನಿಲ್ಲಿಸಿತು, ಮಲಪ್ರಭೆಯ ನೀರು ಹೊಲಕ್ಕೆ ಸರಿಯಾಗಿ ಬರುವ ಮೊದಲೇ ಅಭಿವೃದ್ಧಿ ಕರ ಕಟ್ಟೆಂದರೆ ರೈತನಿಗೆ ಏನನ್ನಿಸಿತು ಎಂಬುದನ್ನು ಗುಂಡಿ ತುಂಬಿ ಹೇಳಲು ಬರುವುದಿಲ್ಲ. ಗುಡ್ಡದ ಬುಡದಲ್ಲೇ ಮನೆಯಿದ್ದ ಹುಡುಗನನ್ನು ನಾನು ಕೇಳಿದೆ, ಯಾಕೆ ಬಂಡೆದ್ದರಪ್ಪ ಅಂತ. ಅವನು ಬಹಳ ಮರ್ಯಾದೆಯಿಂದ, "ಕಾಕಾ, ಆಪ್ಷನ್ ಹೇಳ್ರಿ" ಅಂದ.

ಬೈಯುವಷ್ಟು ಬೈದ ಮೇಲೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಈ ಪದ್ಧತಿ ಹುಟ್ಟಿದ್ದು ಮಾಸ್ತರರ ಮೇಲಿನ ಅಪನಂಬಿಕೆಯಿಂದ. ಅಮೆರಿಕದ ಕಾನ್ಸಾಸ್‌ನಲ್ಲಿ ಫ್ರೆಡರಿಕ್ ಕೆಲ್ಲಿ ಎಂಬಾತ, ಒಂದೇ ಉತ್ತರಕ್ಕೆ ಒಬ್ಬೊಬ್ಬ ಮಾಸ್ತರ ಒಂದೊಂದು ಅಂಕ ಕೊಡುವುದನ್ನು ಕಂಡು, 1915ರ ಹೊತ್ತಿಗೆ ಉತ್ತರ ಆರಿಸುವ ಓದಿನ ಪರೀಕ್ಷೆ ರೂಪಿಸಿದ. ಅದೂ ನಮ್ಮ ಹಾಗೆ ಗೋಧಿ, ಸೂರ್ಯಕಾಂತಿ ಬೆಳೆಯುವ ಬಯಲುಸೀಮೆ. ನಮ್ಮಲ್ಲಿ 1993ರಲ್ಲಿ ಖಾಸಗಿ ಕಾಲೇಜಿನ ಸೀಟುಗಳ ಬಗ್ಗೆ ಸುಪ್ರೀಂ ಕೋರ್ಟಿನ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಬಂದು, ಮರುವರ್ಷ ಸಿಇಟಿ ಸುರುವಾಯಿತು. ಅದಕ್ಕಿಂತ ಮುಂಚೆ ಖಾಸಗಿ ಕಾಲೇಜಿನ ಡಾಕ್ಟರ್ ಸೀಟೆಂದರೆ ಡೊನೇಷನ್ನಿನ ಮಾತು, ಹೊಲ ಮಾರಿದರೂ ಸಾಲದ ಮಾತು. ಸಿಇಟಿ ಗುಂಡಿಗೆ ಅಕ್ಷರ ಚೆಂದ ಬೇಕಿಲ್ಲ, ಅಪ್ಪ ಯಾರೆಂದು ಅದು ಕೇಳುವುದಿಲ್ಲ. ಅಬ್ಬಿಗೇರಿಯ ಹುಡುಗನಿಗೂ ಬೆಂಗಳೂರಿನ ಹುಡುಗನಿಗೂ ಒಂದೇ ಮಷೀನು. ನಮ್ಮ ಸೀಮೆಯ ಮಟ್ಟಿಗೆ ಅದು ಸಣ್ಣ ನ್ಯಾಯವಲ್ಲ. ಸರ್‌ಗೆ ಉಳಿದ ಒಂದೇ ಸಿಟ್ಟು ಸಂವಿಧಾನದ 371(ಜೆ) ವಿಧಿಯ ಮೇಲೆ. ಗಜೇಂದ್ರಗಡ ದಾಟಿದರೆ ಯಲಬುರ್ಗಾ, ಕುಷ್ಟಗಿ. ಅವು ಕೊಪ್ಪಳ ಜಿಲ್ಲೆ, ಅಲ್ಲಿ ಮೀಸಲಾತಿ ಇದೆ, ಇಲ್ಲಿಲ್ಲ. "ನಮ್ಮವ್ವ ಹಡೀಲಿಕ್ಕೆ ನಾಕು ಹೆಜ್ಜಿ ಮುಂದ ಹೋಗಿದ್ರ…" ಎಂದು ನಿಲ್ಲಿಸುತ್ತಾರೆ.

2024 ಅವರಿಗೆ ಒಳ್ಳೆಯ ವರ್ಷವಾಗಲಿಲ್ಲ. ಏಪ್ರಿಲ್‌ನಲ್ಲಿ ಸಿಇಟಿಯಲ್ಲಿ ಸಿಲೆಬಸ್ಸಿನ ಹೊರಗಿನ ಪ್ರಶ್ನೆ ಬಂದು, ಕೊನೆಗೆ 50 ಪ್ರಶ್ನೆ ಕೈಬಿಟ್ಟರು. ಮೇ 5ಕ್ಕೆ ನೀಟ್. ಅದರಲ್ಲಿ ಪರಮಾಣುವಿನ ಬಗ್ಗೆ ಎರಡು ಹೇಳಿಕೆ. ಧನ, ಋಣ ವಿದ್ಯುದಂಶ ಸಮ ಇರುವುದರಿಂದ ಪರಮಾಣು ತಟಸ್ಥ ಎಂಬುದು ಒಂದು. ಪ್ರತಿ ಧಾತುವಿನ ಪರಮಾಣುವೂ ಸ್ಥಿರ, ತನ್ನದೇ ವರ್ಣಪಟಲ ಹೊಮ್ಮಿಸುತ್ತದೆ ಎಂಬುದು ಇನ್ನೊಂದು. ಎರಡನೆಯದು ಹೊಸ ಎನ್‌ಸಿಇಆರ್‌ಟಿ ಪುಸ್ತಕದ ಪ್ರಕಾರ ತಪ್ಪು, ಹಳೆಯದರ ಪ್ರಕಾರ ಸರಿ. ಮೊದಲು ಎರಡೂ ಉತ್ತರಕ್ಕೆ ಅಂಕ ಕೊಟ್ಟರು. ಜುಲೈನಲ್ಲಿ ಸುಪ್ರೀಂ ಕೋರ್ಟ್ ಐಐಟಿ ದಿಲ್ಲಿಯ ಮೂವರು ತಜ್ಞರನ್ನು ಕೇಳಿತು. ಅವರು ನಾಲ್ಕನೇ ಆಯ್ಕೆಯೊಂದೇ ಸರಿ ಎಂದರು. 720ಕ್ಕೆ 720 ಪಡೆದವರು 67 ಇದ್ದದ್ದು ಕೊನೆಗೆ 17ಕ್ಕೆ ಬಂದು ನಿಂತಿತು. ಪಟ್ಟಿಯಿಂದ ಇಳಿದವರಲ್ಲಿ 44 ಮಂದಿ ಇಳಿದದ್ದು ಈ ಒಂದೇ ಪ್ರಶ್ನೆಗೆ.

ಟಾಪರುಗಳ ಮಾತು ಪೇಪರಿನಲ್ಲಿ ಬಂತು. ಗಜೇಂದ್ರಗಡದ ನೇಕಾರರ ಓಣಿಯ ಹುಡುಗಿಯದು ಬರಲಿಲ್ಲ. ಆಕೆ ಎರಡನೇ ಆಯ್ಕೆ ತುಂಬಿದ್ದಳು. ಕೊಟ್ಟ 4 ಹೋಯಿತು, ಮೇಲೆ 1 ಕಟ್. ಆಕೆಯ ಪುಸ್ತಕ ಹಳೆಯದು, ಕೊಟ್ಟವರು ಸರ್. ಪ್ರತಿ ವರ್ಷ ಪರೀಕ್ಷೆ ಮುಗಿದವರ ಪುಸ್ತಕ ಕೂಡಿಸಿ, ದಬ್ಬಣದಿಂದ ಹೊಲಿದು, ಬೆನ್ನಿಗೆ ಸಿಮೆಂಟ್ ಚೀಲದ ಕಾಗದ ಅಂಟಿಸಿ, ಕೊಳ್ಳಲಾರದವರಿಗೆ ಹಂಚುವುದು ಅವರ ಇನ್ನೊಂದು ಚಟ, ಯಾರಿಗೂ ಹೇಳದ ಚಟ. ಐದು ಅಂಕಕ್ಕೇ ಆಕೆಯ ಸೀಟು ಹೋಯಿತೆನ್ನುವಂತಿಲ್ಲ, ಕಟಾಫ್ ಇನ್ನೂ ಮೇಲಿತ್ತು. ನಾನೂ ಹೇಳಿದೆ, ಆಕೆಯೂ ಹೇಳಿದಳು. ಸರ್ ಒಪ್ಪಲಿಲ್ಲ.

ಮುಂದಿನ ರವಿವಾರ ಗಜೇಂದ್ರಗಡದ ಕ್ಲಾಸಿನ ಬಾಗಿಲಲ್ಲಿ ನಾನಿದ್ದೆ. ಬೋರ್ಡಿನ ಮೇಲೆ ಎ, ಬಿ, ಸಿ, ಡಿ ಇರಲಿಲ್ಲ. ಪರಮಾಣು ನೆಲಮಟ್ಟದಲ್ಲಿ ಇದ್ದಾಗ ಸುಮ್ಮನಿರುತ್ತದೆ, ಉದ್ರೇಕಗೊಂಡು ಮೇಲೇರಿದ್ದು ಕೆಳಗಿಳಿಯುವಾಗ ಮಾತ್ರ ಬೆಳಕು ಬಿಡುತ್ತದೆ, ಹಾಗಾದರೆ ಸ್ಥಿರವಾಗಿದ್ದುಕೊಂಡೇ ಬೆಳಕು ಹೊಮ್ಮಿಸುವುದು ಹೇಗೆ? ಮತ್ತೆ ಯುರೇನಿಯಂ, ರೇಡಿಯಂ ಎಲ್ಲಿ ಸ್ಥಿರ ಅದಾವು? ಮೆಟ್ಟಿಲಿನ ಚಿತ್ರ ಬರೆದರು, ಅಳಿಸಿದರು, ಮತ್ತೆ ಬರೆದರು. ನನಗೂ ತಿಳಿಯಿತು, ಬಿ.ಎ.ಗೆ ತಿಳಿಯುವಷ್ಟು ಚೆಂದ ಹೇಳಬಲ್ಲ ಮನುಷ್ಯ ಇಷ್ಟು ವರ್ಷ ಗುಂಡಿ ತುಂಬಿಸುತ್ತ ಕೂತಿದ್ದನಲ್ಲ ಎನ್ನಿಸಿತು. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಸರ್, ಇದು ಎಷ್ಟು ಮಾರ್ಕ್ಸಿಗೆ ಬರ್ತೈತ್ರಿ?" ಅಂದ.

ಈಗ ಸರ್ ಹಳೇ ಪುಸ್ತಕಗಳನ್ನು ಹೊಸದರ ಪಕ್ಕದಲ್ಲಿಟ್ಟು ಸಾಲುಸಾಲೇ ತಾಳೆ ನೋಡುತ್ತಿದ್ದಾರೆ. ಬದಲಾದ ಸಾಲುಗಳ ಪಟ್ಟಿ ಮಾಡಿ ಪ್ರತಿ ಪುಸ್ತಕಕ್ಕೂ ಒಂದು ಝೆರಾಕ್ಸ್ ಅಂಟಿಸುವ ಯೋಜನೆ. ಮೊನ್ನೆ ಚಾದಂಗಡಿಯಲ್ಲಿ ನನ್ನ ಮುಂದೆ ಕುಳಿತು, "ಝೆರಾಕ್ಸಿನ ಖರ್ಚು ನಿಮ್ಮ ಕಡೆ," ಎಂದರು. "ಎ, ಪೂರಾ ಕೊಡ್ರಿ. ಬಿ, ಅರ್ಧಾ ಈಗ, ಅರ್ಧಾ ಆಮ್ಯಾಲ. ಸಿ, ಜ್ವಾಳ ಬಂದ ಮ್ಯಾಲ ಕೊಡ್ರಿ."

"ಡಿ ಇಲ್ಲೇನ್ರಿ, ಕೊಡೂದಿಲ್ಲ ಅಂತ?" ಎಂದೆ.

"ಅದು ಔಟ್ ಆಫ್ ಸಿಲೆಬಸ್ಸ್ರೀ," ಎಂದು ಸರ್ ನನ್ನ ಚಾದ ಬಿಲ್ಲಿನ ಸೊನ್ನೆ ತುಂಬತೊಡಗಿದರು.