ಬೇರಿಂಗೋತ್ತರ ಕಾಲಘಟ್ಟದಲ್ಲಿ ತೈಲಪ್ರಜ್ಞೆ: ಹಾವೇರಿ ಸೀಮೆಯನ್ನು ಅನುಲಕ್ಷಿಸಿ

ಟ್ರ್ಯಾಕ್ಟರಿನ ಇಂಜಿನ್ ಬಿಚ್ಚಿ, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ, ಮೇನ್ ಮತ್ತು ಬಿಗ್‌ಎಂಡ್ ಬೇರಿಂಗ್ ಬದಲಿಸಿದ ಗಳಿಗೆಯಿಂದ ಮೊದಲ ಡಬ್ಬಿ ಆಯಿಲ್ ಸುರಿಯುವ ಗಳಿಗೆಯವರೆಗಿನ ಅವಧಿಯನ್ನು ಪ್ರಸ್ತುತ ಪ್ರಬಂಧವು 'ಬೇರಿಂಗೋತ್ತರ ಕಾಲಘಟ್ಟ' ಎಂದು ಪರಿಭಾವಿಸುತ್ತದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ತ್ರಿಕೋನದಲ್ಲಿ ಈ ಕಾಲಘಟ್ಟದ ತೈಲಚಿಂತನೆ ಐದು ಪ್ರಸ್ಥಾನಗಳಾಗಿ ಕವಲೊಡೆದಿದೆ. ಮೊದಲನೆಯದು ಸ್ಥೂಲವಾದ, "ಹೊಸಾ ಬೇರಿಂಗ್ ಕುಂದ್ರಿಸೀವಿ, ದಪ್ಪಂದ ಹಾಕ್ರಿ" ಎಂಬುದು ಇದರ ಮಹಾವಾಕ್ಯ. ಎರಡನೆಯದು ಸೂಕ್ಷ್ಮವಾದ: ಬೇರಿಂಗ್ ಬಿಗಿಯಾಗಿದೆ, ತೆಳು ಆಯಿಲ್ ಮಾತ್ರ ನುಸುಳೀತು. ಮೂರನೆಯದು ವರ್ಣವಾದ, ಇದಕ್ಕೆ ಕಣ್ಣೇ ಪ್ರಮಾಣ. ಉಳಿದೆರಡನ್ನು ಮುಂದೆ ಚರ್ಚಿಸಲಾಗುವುದು ಎಂದು ಬರೆಯುವುದು ಇಂಥ ಪ್ರಬಂಧಗಳ ಸಂಪ್ರದಾಯ, ಚರ್ಚಿಸದಿರುವುದೂ ಸಂಪ್ರದಾಯವೇ.

ಸ್ಥೂಲವಾದ, ಸೂಕ್ಷ್ಮವಾದಗಳೆರಡೂ ಒಂದೇ ಭ್ರಮೆಯ ಅವಳಿ ಮಕ್ಕಳು. ಬೇರಿಂಗ್ ಹೊಸದಾದರೆ ಇಂಜಿನ್ನಿನ ಜಾತಿಯೇ ಬದಲಾಯಿತು ಎಂಬುದು ಆ ಭ್ರಮೆ. ಕ್ರ್ಯಾಂಕನ್ನು ಇಂಚಿನ ಸಾವಿರ ಪಾಲಿನಲ್ಲಿ ಹತ್ತು ಪಾಲು ಇಳಿಸಿ ಅದಕ್ಕೆ ಹೊಂದುವ 'ಟೆನ್ ಸೈಜ್' ಬೇರಿಂಗ್ ಹಾಕುವುದೇ ನಡುವಿನ ಸಂದು ಮೊದಲಿನಷ್ಟಕ್ಕೆ ಮರಳಲಿ ಎಂದು. ಬೇರಿಂಗ್ ಕೂರುವ ಜರ್ನಲ್ಲಿನ ವ್ಯಾಸದಲ್ಲಿ ಇಂಚಿಗೊಂದು ಥೌ (ಇಂಚಿನ ಸಾವಿರದಲ್ಲೊಂದು ಪಾಲು) ಸಂದು ಎಂಬುದು ಗ್ಯಾರೇಜಿನ ಅಂದಾಜು ಲೆಕ್ಕ. ತಿರುಗುವ ಶಾಫ್ಟು ಆ ಸಂದಿಗೆ ಆಯಿಲನ್ನು ಬೆಣೆಯಂತೆ ಎಳೆದುಕೊಂಡು ಅದರ ಮೇಲೆಯೇ ತೇಲುತ್ತದೆ. 1886ರಲ್ಲಿ ಇಂಜಿನಿಯರ್ ಆಸ್ಬೋರ್ನ್ ರೆನಾಲ್ಡ್ಸ್ ಇದನ್ನು ಗಣಿತವಾಗಿಸಿದ. ಸಂದು ಮರಳಿದರೆ ಟ್ರ್ಯಾಕ್ಟರಿನ ಕೈಪಿಡಿ ಹೇಳಿದ ಆಯಿಲ್ ಗ್ರೇಡೂ ಮರಳಿತು. ಇದಕ್ಕೆ ಪೂರ್ವಪಕ್ಷ: "ನಮ್ಮ ಕಡೆ ಬಿಸಲ ಭಾಳ ರೀ." 15ಡಬ್ಲ್ಯೂ-40 ಗ್ರೇಡಿನ ಕೊನೆಯ ಸಂಖ್ಯೆ, ಎಂದರೆ ಆಯಿಲಿನ ದಪ್ಪ, 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದದ್ದು. ಅಲ್ಲಿ 40 ಎಂದರೆ 12.5ರಿಂದ 16.3 ಸೆಂಟಿಸ್ಟೋಕ್, 50 ಎಂದರೆ 16.3ರಿಂದ 21.9. ಏಪ್ರಿಲ್ಲಿನ ಹಾವೇರಿ ಎಷ್ಟು ಉರಿದರೂ ನೂರು ಮುಟ್ಟುವುದಿಲ್ಲ. ಬಿಸಿಲಿಗೆ ದಪ್ಪ ಗ್ರೇಡನ್ನು ಕೈಪಿಡಿಯೇ ಒಪ್ಪಿದ್ದರೆ ಧಾರಾಳವಾಗಿ ಹಾಕಿ. ಅದು ಬೇರಿಂಗ್ ಬದಲಿಸುವ ಮುಂಚೆಯೂ ಒಪ್ಪಿತ್ತು. ಇನ್ನೊಂದು ಪೂರ್ವಪಕ್ಷ, ದಪ್ಪ ಆಯಿಲಿಗೆ ಪ್ರೆಶರ್ ಮುಳ್ಳು ಮೇಲೇರುತ್ತದೆ ಎಂಬುದು. ಏರುತ್ತದೆ, ಏಕೆಂದರೆ ಆಯಿಲ್ ಹರಿಯಲು ತಿಣುಕುತ್ತಿದೆ. ಗ್ರೈಂಡಿಂಗ್ ಕೆಟ್ಟು ಸಂದು ಹೆಚ್ಚಾಗಿದ್ದರೆ ದಪ್ಪ ಆಯಿಲ್ ಆ ತಪ್ಪಿಗೆ ಹೊದಿಸಿದ ಸನ್ಮಾನದ ಶಾಲು.

ವರ್ಣವಾದಕ್ಕೆ ಬ್ಯಾಡಗಿಯೇ ಪೀಠ. ಖಾರಕ್ಕಿಂತ ಬಣ್ಣಕ್ಕೆ ಹೆಸರಾದ ಮೆಣಸಿನಕಾಯಿಯನ್ನು ಕಣ್ಣಲ್ಲೇ ತೂಗುವ ಪೇಟೆಯಲ್ಲಿ ಆಯಿಲಿಗೂ ಅದೇ ನ್ಯಾಯ: ಕಪ್ಪಾದರೆ ಕೆಟ್ಟಿತು, ಹೊಂಬಣ್ಣವಿದ್ದರೆ ಚೊಕ್ಕ. ಡೀಸೆಲ್ ಇಂಜಿನ್ನಿನ ಆಯಿಲ್ ಬೇಗನೆ ಕಪ್ಪಾಗುವುದು ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಂಡದ್ದಕ್ಕೆ, ಎಂದರೆ ಕೆಲಸ ಮಾಡಿದ್ದಕ್ಕೆ. ರಾಣೆಬೆನ್ನೂರಿನಲ್ಲಿ ಬೀಜದ ಪೊಟ್ಟಣ ಕೊಳ್ಳುವ ರೈತ ಮೊಳಕೆಯ ಪ್ರಮಾಣ, ಲಾಟ್ ನಂಬರು, ಅವಧಿ ಎಲ್ಲ ಓದಿಸಿಕೊಳ್ಳುತ್ತಾನೆ. ಅದೇ ರೈತ ಆಯಿಲ್ ಡಬ್ಬಿಯ ಮೇಲಿನ ಸಿಎಚ್-4, ಸಿಐ-4 ಎಂಬ ಗುಣಮಟ್ಟದ ಗುರುತುಗಳನ್ನು ಓದದೆ ಬಿಡುತ್ತಾನೆ. ಅವು ಏನು ಹೇಳುತ್ತವೆಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಪ್ರಸ್ಥಾನಗಳ ಆಟ ಇಲ್ಲಿಗೆ ಸಾಕು. ಹೊಸ ಬೇರಿಂಗನ್ನು ತಿನ್ನುವುದು ಸಾಮಾನ್ಯವಾಗಿ ಗ್ರೇಡ್ ಅಲ್ಲ, ಕೊಳೆ. ಗ್ರೈಂಡಿಂಗಿನ ಪುಡಿ ಕ್ರ್ಯಾಂಕಿನ ಆಯಿಲ್ ರಂಧ್ರಗಳಲ್ಲೇ ಕೂತಿರುತ್ತದೆ. ಹಳೆ ಬೇರಿಂಗಿನ ಚೂರು ಆಯಿಲ್ ಕೂಲರಿನಲ್ಲಿ ಅಡಗಿರುತ್ತದೆ. ರಂಧ್ರಗಳಿಗೆ ಬ್ರಷ್ ಹಾಕಿ ತೊಳೆಯಬೇಕು, ಹೊಸ ಫಿಲ್ಟರ್ ಹಾಕಬೇಕು, ಸ್ಟಾರ್ಟ್ ಮಾಡುವ ಮುಂಚೆ ಆಯಿಲ್ ಬೇರಿಂಗಿಗೆ ಮುಟ್ಟುವಂತೆ ನೋಡಿಕೊಳ್ಳಬೇಕು. ಹೊಸ ಟ್ರ್ಯಾಕ್ಟರಿಗೆ ಸಾಮಾನ್ಯವಾಗಿ 50 ಗಂಟೆಗೇ ಮೊದಲ ಆಯಿಲ್ ತೆಗೆಯುತ್ತಾರೆ, ರಿಪೇರಿಯಾದ ಇಂಜಿನ್ನಿಗೂ ಆ ಮರ್ಯಾದೆ ಬೇಕು. ಅದೇ ದುಬಾರಿಯಲ್ಲವೇ ಎನ್ನುವವರು ಎರಡನೇ ಸಲದ ಗ್ರೈಂಡಿಂಗಿನ ಖರ್ಚು ಕೇಳಿ ನೋಡಲಿ. ಮುಂಗಾರಿಗೆ ಗೋವಿನಜೋಳ ಬಿತ್ತುವ ಹೊತ್ತಿನಲ್ಲಿ ಕ್ರ್ಯಾಂಕ್ ಹಿಡಿದು ಟ್ರ್ಯಾಕ್ಟರ್ ಹೊಲದಲ್ಲೇ ನಿಂತರೆ ಬಾಡಿಗೆ ಟ್ರ್ಯಾಕ್ಟರಿಗೂ ದುಡ್ಡು, ಸಾಲದ ಕಂತಿಗೂ ದುಡ್ಡು, ಮತ್ತೆ ಗ್ಯಾರೇಜಿಗೂ ದುಡ್ಡು. "ಆಯಿಲ್ ಸರಿ ಇರಲಿಲ್ರಿ" ಎಂಬ ತೀರ್ಪು ಮಾತ್ರ ಪುಕ್ಕಟೆ. ಸಂದು ಎಷ್ಟು ಬಂತು, ಮೊದಲ ಆಯಿಲ್ ಯಾವಾಗ ತೆಗೆಯಬೇಕು, ಈ ಎರಡು ಸಾಲಿಗೆ ಬಿಲ್ಲಿನ ಹಿಂಬದಿ ಸಾಕು. ಈಗ ಅದು ಖಾಲಿ. ಮುಂಬದಿಯಲ್ಲಿ 'ಕೂಲಿ' ಎಂಬ ಒಂದೇ ಪದ, ಅದರ ಮುಂದೊಂದು ಮೊತ್ತ.