ಸರಕು, ಬೆಟ್ಟೆ, ರಾಶಿ, ಗೊರಬಲು

ಆತ್ಮಸಂತೋಷಕ್ಕೆ ಹಾಡಿಕೊಳ್ಳುತ್ತೇನೆ ಎನ್ನುವವರನ್ನು ನಾನು ಪೂರ್ತಿ ನಂಬುವುದಿಲ್ಲ. ಅಂಥವರ ಮನೆಗೆ ಹೋಗಿ ಜಗಲಿಯಲ್ಲಿ ಸುಮ್ಮನೆ ಕೂತು ನೋಡಿ. ಯಾರೋ ಬಂದಿದ್ದಾರೆಂಬ ಸುಳಿವು ಸಿಕ್ಕಿದ್ದೇ ತಡ, ಬಚ್ಚಲಿನಿಂದ ಬರುತ್ತಿದ್ದ ಗುನುಗು ಸ್ವಲ್ಪ ಮೇಲೇರುತ್ತದೆ. ನೀರು ಹೊಯ್ದುಕೊಳ್ಳುವ ಸದ್ದು ನಿಂತು ಬರೀ ಆಲಾಪನೆ ಉಳಿಯುತ್ತದೆ. ಆಮೇಲೆ ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದು, ‘ಅಯ್ಯೋ, ನೀವು ಬಂದದ್ದು ಗೊತ್ತೇ ಆಗಲಿಲ್ಲ ಮಾರಾಯರೇ’ ಎನ್ನುತ್ತಾರೆ. ಹಾಡುವವರಿಗೆ ಕೇಳುವ ಕಿವಿ ಬೇಕು. ಸಾವಿರ ಬೇಡ, ಒಂದು ಜೊತೆಯಾದರೂ ಸಾಕು. ಆ ಒಂದು ಜೊತೆ ಸಿಗುವುದೇ ಕಷ್ಟ ಎನ್ನುವುದು ಬೇರೆ ಮಾತು.

ನಮ್ಮ ಮಲೆನಾಡಿನ ಕಡೆ ಹಿಂದೆ ಹೆಣ್ಣುಮಕ್ಕಳಿಗೆ ಆ ಕಿವಿ ಸಿಗುತ್ತಿದ್ದದ್ದು ಹೆಣ್ಣು ನೋಡುವ ಶಾಸ್ತ್ರದಲ್ಲಿ. ಉಪ್ಪಿಟ್ಟು, ಕೇಸರಿಬಾತು ಮುಗಿದ ಮೇಲೆ ಗಂಡಿನ ಕಡೆಯ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು ‘ಹುಡುಗಿಗೆ ಹಾಡು ಬರುತ್ತದೋ?’ ಎಂದು ಕೇಳುವುದು ಪದ್ಧತಿ. ಅವರಿಗೇನೂ ಸಂಗೀತದ ಹುಚ್ಚು ಇರುತ್ತಿರಲಿಲ್ಲ. ಹುಡುಗಿ ತೊದಲುತ್ತಾಳೋ, ಧ್ವನಿ ಗಡಸೋ, ಇಷ್ಟು ತಿಳಿದರೆ ಸಾಕಾಗಿತ್ತು. ಆದರೆ ಹುಡುಗಿಗೆ ಅವತ್ತು ಬಾಯಿ ಬಿಡಲು ಇದ್ದದ್ದು ಅದೊಂದೇ ಅವಕಾಶ.

ನನ್ನ ಸೋದರತ್ತೆ ಆ ಅವಕಾಶವನ್ನು ಸರಿಯಾಗಿ ಬಳಸಿಕೊಂಡಳು. ಅವಳಿಗೆ ಆಗ ಮದುವೆ ಬೇಡವಾಗಿತ್ತು. ಬೇಡ ಎನ್ನಲು ಅಜ್ಜನ ಎದುರು ಬಾಯಿ ಬರುತ್ತಿರಲಿಲ್ಲ. ಚಾಪೆಯ ತುದಿಯಲ್ಲಿ ತಲೆ ತಗ್ಗಿಸಿ ಕೂತು, ಸಂಸಾರ ಎಷ್ಟು ನಿಸ್ಸಾರ, ಹೆಂಡತಿ ಮಕ್ಕಳು ಕೊನೆಗೆ ಯಾರೂ ಜೊತೆಗೆ ಬರುವುದಿಲ್ಲ ಎಂಬರ್ಥದ ದಾಸರ ಪದವೊಂದನ್ನು ಮುಖಾರಿಯಲ್ಲಿ, ನಿಧಾನವಾಗಿ, ಒಂದು ಚರಣವನ್ನೂ ಬಿಡದೆ ಹಾಡಿದಳು. ಹಿರಿಯರು ಕಣ್ಣು ಮುಚ್ಚಿ ತಲೆದೂಗಿದರು. ‘ಶ್ರುತಿ ಶುದ್ಧವಾಗಿದೆ’ ಎಂದರು. ಗಂಡು ಮಾತ್ರ ಕಾಫಿ ಲೋಟದೊಳಗೆ ಮುಖ ಹುದುಗಿಸಿಕೊಂಡು ನಗು ತಡೆಯಲು ಒದ್ದಾಡುತ್ತಿತ್ತು. ಅತ್ತೆ ಅದನ್ನು ಓರೆಗಣ್ಣಿನಲ್ಲಿ ನೋಡಿದಳು. ರಾತ್ರಿ ಅಜ್ಜಿ ಕೇಳಿದ್ದಕ್ಕೆ ‘ಆಗಬಹುದು’ ಎಂದಳಂತೆ. ‘ಅಷ್ಟು ಜನ ಕೂತಿದ್ದರು. ಅರ್ಥವಾದದ್ದು ಅವರೊಬ್ಬರಿಗೇ. ಇನ್ನು ಎಲ್ಲಿ ಹೋಗಿ ಹುಡುಕಲಿ?’ ಎಂದು ಆಮೇಲೆ ನಮಗೆ ಹೇಳುತ್ತಿದ್ದಳು.

ಹಾಗೆ ನಮಗೆ ಸಿಕ್ಕಿದ ಮಾವ ಅಡಿಕೆ ಸೊಸೈಟಿಯಲ್ಲಿ ಗುಮಾಸ್ತರು. ಅವರ ಮಾತೆಂದರೆ ಹೂಂ, ಊಹೂಂ, ನೋಡುವ, ಇಷ್ಟೇ. ಉಳಿದದ್ದೆಲ್ಲ ಹಾರ್ಮೋನಿಯಂ ಹೇಳುತ್ತಿತ್ತು. ಆ ಮನೆಯ ಜಗಳಗಳೂ ಹಾಗೆಯೇ. ಹೇಳಿದ ಸಾಮಾನು ತರದೆ ಮಾವ ಕೈಬೀಸಿಕೊಂಡು ಬಂದರೆ ಅತ್ತೆ ಅಡಿಗೆಮನೆಯಿಂದ ಒಂದು ನಿಂದಾಸ್ತುತಿ ಎತ್ತಿಕೊಳ್ಳುತ್ತಿದ್ದಳು. ಕರೆದರೆ ಓಗೊಡದ, ಕೊಟ್ಟ ಮಾತು ಮರೆಯುವ ದೇವರನ್ನು ದಾಸರು ದಬಾಯಿಸುವ ಪದಗಳಿಗೆ ನಮ್ಮಲ್ಲಿ ಬರವಿಲ್ಲ. ಸ್ತುತಿ ದೇವರಿಗೆ, ನಿಂದೆ ಮಾವನಿಗೆ. ಎರಡು ಚರಣ ಆಗುವವರೆಗೆ ಮಾವ ಸಹಿಸಿಕೊಳ್ಳುತ್ತಿದ್ದರು. ಮೂರನೆಯದಕ್ಕೆ ಜಗಲಿಯಿಂದ ಹಾರ್ಮೋನಿಯಂನಲ್ಲಿ ಮಂಗಳದ ಧಾಟಿ ಶುರುವಾಗುತ್ತಿತ್ತು. ಕಾರ್ಯಕ್ರಮ ಮುಗಿಯಿತು, ಆರತಿ ಎತ್ತಿ ಎಂದು. ಅತ್ತೆ ನಗುತ್ತಿದ್ದಳು. ನಗದಿದ್ದ ದಿನ ಮಾವ ಚೀಲ ಹಿಡಿದು ಮತ್ತೆ ಪೇಟೆಗೆ ಹೋಗುತ್ತಿದ್ದರು.

ಮಾವನ ನಿಜವಾದ ಚಟ ರಾಗ ಹಾಕುವುದು. ವಾರಪತ್ರಿಕೆಯಲ್ಲಿ ಬಂದ ಕವಿತೆ, ಪುಸ್ತಕದಲ್ಲಿದ್ದ ಕವಿತೆ, ಯಾವುದಾದರೂ ಸರಿ. ಆದರೆ ಮೊದಲೇ ಶಬ್ದಗಳನ್ನು ಎದುರಿಗೆ ಇಟ್ಟುಕೊಳ್ಳುತ್ತಿರಲಿಲ್ಲ. ಧಾಟಿ ಮೊದಲು ಬರಬೇಕು, ಶಬ್ದ ಆಮೇಲೆ ಬಂದು ಕೂತುಕೊಳ್ಳಲಿ ಎಂಬ ಸಿದ್ಧಾಂತ. ಬರೀ ತನನ ಎಂದುಕೊಂಡರೆ ತಾಳ ನಿಲ್ಲುವುದಿಲ್ಲವಲ್ಲ, ಅದಕ್ಕೆ ಸೊಸೈಟಿಯಲ್ಲಿ ದಿನವಿಡೀ ಬರೆಯುತ್ತಿದ್ದ ಅಡಿಕೆಯ ತರಗಳನ್ನೇ ಇಟ್ಟುಕೊಂಡಿದ್ದರು: ಸರಕು, ಬೆಟ್ಟೆ, ರಾಶಿ, ಗೊರಬಲು. ಬಾಯಲ್ಲಿ ಹೇಳಿ ನೋಡಿ. ಬೆಟ್ಟೆಯ ಕೊನೆಯನ್ನು ಒಂಚೂರು ಎಳೆದರೆ ಮೂರು, ನಾಲ್ಕು, ಮೂರು, ನಾಲ್ಕು. ಮಿಶ್ರಛಾಪು ಎರಡಾವರ್ತ ಸರಿಯಾಗಿ ಕೂತುಬಿಡುತ್ತದೆ. ಭಾಮಿನಿ ಷಟ್ಪದಿಯ ಮೊದಲ ಸಾಲಿನ ಮಾತ್ರೆಯ ಲೆಕ್ಕವೂ ಇದೇ. ಹಾಗಾಗಿ ಅಡಿಕೆ ಮಂಡಿಯ ಬೋರ್ಡಿಗೂ ಕುಮಾರವ್ಯಾಸನಿಗೂ ಒಂದೇ ನಡೆ ಎಂದು ಮಾವ ಗಂಭೀರವಾಗಿಯೇ ವಾದಿಸುತ್ತಿದ್ದರು. ಅವರು ನಾಲ್ಕು ವಾಕ್ಯ ಒಟ್ಟಿಗೆ ಮಾತಾಡುತ್ತಿದ್ದದ್ದು ಆ ಒಂದು ವಿಷಯದಲ್ಲಿ.

ಕುಮಾರವ್ಯಾಸನ ಮಾತು ಬಂತಲ್ಲ. ಶಿವಮೊಗ್ಗದ ಹೊರಗೆ ತುಂಗೆಯ ಆಚೀಚೆ ಮತ್ತೂರು, ಹೊಸಹಳ್ಳಿ ಇವೆ. ಮತ್ತೂರಿಗೆ ಸಂಸ್ಕೃತ, ಹೊಸಹಳ್ಳಿಗೆ ಗಮಕ. ಅಲ್ಲಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕದಲ್ಲಿ ಮೃದಂಗವಿಲ್ಲ, ತಾಳದ ಕಟ್ಟಿಲ್ಲ, ಸ್ವರ ಬರೆದಿಟ್ಟ ಪುಸ್ತಕವೂ ಇಲ್ಲ. ಪದ್ಯ ಕವಿಯದು, ರಾಗ ಓದುವವನದು. ದ್ರೌಪದಿ ಸಭೆಯಲ್ಲಿ ಪ್ರಶ್ನೆ ಕೇಳುವಾಗ ಅವಳ ದನಿಯಲ್ಲಿ ಸಿಟ್ಟು ಹೆಚ್ಚೋ ದುಃಖ ಹೆಚ್ಚೋ ಎನ್ನುವುದನ್ನು ಗಮಕಿ ಅಲ್ಲೇ ಕೂತು ನಿರ್ಧರಿಸಬೇಕು. ಒಬ್ಬರು ಓದಿದ ದ್ರೌಪದಿ ಇನ್ನೊಬ್ಬರ ದ್ರೌಪದಿಯಲ್ಲ. ಸ್ವಂತದ್ದೊಂದು ಅಕ್ಷರ ಬರೆಯದೆ ತನ್ನದನ್ನು ಹೇಳಿಕೊಳ್ಳುವ ಕಲೆ ಇದಕ್ಕಿಂತ ಚೆಂದಾಗಿ ಎಲ್ಲಿದೆಯೋ ನನಗೆ ಕಾಣೆ. ಸ್ವಂತ ಹಾಡು ಬರೆದು ಹಾಡಿದರೆ ಮಾತ್ರ ಅಭಿವ್ಯಕ್ತಿ ಎಂದು ಈಗಿನ ಹುಡುಗರು ಗಿಟಾರು ಹಿಡಿದು ಹೇಳುವಾಗ ನನಗೆ ಹೊಸಹಳ್ಳಿಯ ದಾರಿ ತೋರಿಸೋಣ ಎನಿಸುತ್ತದೆ.

ಮಾವನ ಹಾರ್ಮೋನಿಯಂ ಬಗ್ಗೆ ಸ್ವಲ್ಪ ಹೇಳಬೇಕು. ಮಲೆನಾಡಿನ ಮಳೆಗಾಲ ಅದಕ್ಕೆ ಆಗಿಬರುತ್ತಿರಲಿಲ್ಲ. ಜೂನ್ ಬಂತೆಂದರೆ ಮರ ಉಬ್ಬಿ ಸ್ವರದ ಮನೆಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತಿದ್ದವು. ಷಡ್ಜ ಒತ್ತಿದರೆ ಪಕ್ಕದ ರಿಷಭವೂ ಜೊತೆಗೆ ಹೋಗುವುದು, ಒತ್ತಿದ್ದು ಮೇಲೇಳದೆ ಕೂಗುತ್ತಲೇ ಇರುವುದು. ತಿದಿಯ ಮಡಿಕೆಯನ್ನು ಇಲಿ ಕಡಿದ ಕಡೆ ಗಾಯಕ್ಕೆ ಹಚ್ಚುವ ಪ್ಲಾಸ್ಟರು. ಯಾವುದಾದರೂ ಸ್ವರ ಮೂಕವಾದರೆ ಮಾವ ಮುಚ್ಚಳ ಬಿಚ್ಚಿ, ಹಿತ್ತಾಳೆಯ ರೀಡಿನ ನಾಲಿಗೆಯ ಕೆಳಗೆ ತೆಳ್ಳನೆಯ ಕಾಗದ ತೂರಿಸಿ ಮೆಲ್ಲನೆ ಎಳೆಯುತ್ತಿದ್ದರು. ಕಾಗದದ ಜೊತೆ ಒಂದಿಷ್ಟು ಧೂಳು, ಕೆಲವು ಸಲ ಒಂದು ಸಣ್ಣ ಜಿರಲೆಯ ಕಾಲು ಬರುತ್ತಿತ್ತು. ಊದಿ, ಒತ್ತಿ, ಪಂಚಮಕ್ಕೆ ಮಾತು ಬಂತು ಎಂದಾಗ ಅವರ ಮುಖ ನೋಡಬೇಕಿತ್ತು.

ಈ ಪೆಟ್ಟಿಗೆ ನಮ್ಮದಲ್ಲ ಎನ್ನುವುದು ಎಲ್ಲರಿಗೂ ಗೊತ್ತು. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೇನ್ ಪೇಟೆಂಟ್ ಪಡೆದ ವಾದ್ಯ ಅದು, ಕಾಲಿನಿಂದ ತುಳಿಯುವಂಥದ್ದು. ಕಲ್ಕತ್ತೆಯ ದ್ವಾರಕಾನಾಥ ಘೋಷ್ ತಿದಿಯನ್ನು ಕೈಗೆ ತಂದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ನುಡಿಸುವ ಹಾಗೆ ಮಾಡಿದರು. ಅಲ್ಲಿಂದ ಭಜನೆ, ಕೀರ್ತನೆ, ಕಂಪನಿ ನಾಟಕ ಎಲ್ಲವನ್ನೂ ಹೊಕ್ಕಿತು. ಉತ್ತರ ಕರ್ನಾಟಕದಲ್ಲಿ ಪೇಟಿ ಮಾಸ್ತರರಿಲ್ಲದೆ ನಾಟಕದ ಪರದೆ ಏಳುತ್ತಿರಲಿಲ್ಲ. ಬೆಳಗಾವಿಯ ಆರ್.ಕೆ. ಬಿಜಾಪುರೆಯವರಂಥವರು ಇದರಲ್ಲೇ ದೊಡ್ಡ ಹೆಸರು ಮಾಡಿದರು. ಆದರೆ 1940ರಲ್ಲಿ ಆಕಾಶವಾಣಿ ಇದಕ್ಕೆ ಬಾಗಿಲು ಹಾಕಿತು. ಮನೆಯಿಂದ ಮನೆಗೆ ಹಾರುವ ವಾದ್ಯ, ನಡುವೆ ಜಾರುವುದಕ್ಕೆ ಆಗುವುದಿಲ್ಲ, ಸ್ವರವನ್ನು ತೂಗುವ ನಮ್ಮ ಗಮಕ, ಮೀಂಡ್ ಇದರಲ್ಲಿ ಬರುವುದಿಲ್ಲ, ಶ್ರುತಿಯೂ ನಮ್ಮದಲ್ಲ ಎಂಬ ಆಕ್ಷೇಪ. ಭಾರತೀಯವಲ್ಲ ಎಂದು ಪೆಟ್ಟಿಗೆಯನ್ನು ಹೊರಗೆ ಹಾಕುವ ಹೊತ್ತಿಗೆ ಆಕಾಶವಾಣಿಯ ಮುಖ್ಯಸ್ಥರಾಗಿದ್ದವರು ಲಯೊನೆಲ್ ಫೀಲ್ಡನ್ ಎಂಬ ಇಂಗ್ಲಿಷರು ಎನ್ನುವುದು ತಮಾಷೆ. ನಿಷೇಧ ಸಡಿಲವಾಗಲು 1971 ಬರಬೇಕಾಯಿತು.

ಇದನ್ನು ಒಮ್ಮೆ ಮಾವನ ಹತ್ತಿರ ಹೇಳಿದೆ. ಅವರಿಗೆ ಸಿಟ್ಟು ಬರಬಹುದು ಎಂದುಕೊಂಡಿದ್ದೆ. ‘ಅವರು ಹೇಳಿದ್ದು ಸರಿ’ ಎಂದರು. ‘ಇದರಲ್ಲಿ ಗಮಕ ಬರುವುದಿಲ್ಲ. ನನಗೂ ಬರುವುದಿಲ್ಲ. ಅದಕ್ಕೇ ನಮಗಿಬ್ಬರಿಗೂ ಆಗಿಬಂತು.’

ರಾಗ ಹಾಕುವ ಈ ಚಟ ಮಾವನೊಬ್ಬರದೇ ಅಲ್ಲ. ನಮ್ಮ ಸುಗಮ ಸಂಗೀತ ಬೆಳೆದದ್ದರಲ್ಲಿ ಬೇರೆ ಕಸುಬಿನವರ ಪಾಲು ದೊಡ್ಡದು. ಸಿ. ಅಶ್ವತ್ಥ್ ವರ್ಷಗಟ್ಟಲೆ ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಲೇ ಹಾಡು ಕಟ್ಟಿದರು. ‘ಕಾಡು ಕುದುರೆ’ಯ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣ ವಕೀಲರು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ‘ನಿತ್ಯೋತ್ಸವ’ ಕ್ಯಾಸೆಟ್ ಬಂದ ಮೇಲಂತೂ ಮೇಷ್ಟ್ರು, ಬ್ಯಾಂಕಿನ ಕ್ಯಾಷಿಯರು, ಪೋಸ್ಟ್‌ಮಾಸ್ಟರು ಎಲ್ಲರಿಗೂ ತಾವೂ ಒಂದು ಕೈ ನೋಡಬಹುದು ಎಂಬ ಧೈರ್ಯ ಬಂತು. ಬೇಂದ್ರೆ, ಕೆ.ಎಸ್.ನ. ಅವರ ಕವಿತೆಗಳಿಗೆ ಊರೂರಲ್ಲಿ ಬಿದ್ದಿರುವ ರಾಗಗಳನ್ನು ಒಟ್ಟು ಮಾಡಿದರೆ ಆ ಕವಿಗಳೇ ಗಾಬರಿಯಾಗಬೇಕು.

ಒಂದು ವಿಚಿತ್ರ ಗಮನಿಸಿದ್ದೇನೆ. ಕವಿಗಳು ತಮ್ಮ ಸಾಲನ್ನು ಯಾರು ಹೇಗೆ ಹಾಡಿದರೂ ಸಹಿಸಿಕೊಳ್ಳುತ್ತಾರೆ. ರಾಗ ಹಾಕಿದವರು, ಅವರ ಕಡೆಯವರು, ಒಂದು ಸ್ವರ ಆಚೀಚೆಯಾದರೂ ಬಿಡುವುದಿಲ್ಲ. ನಮ್ಮ ನಾಡಗೀತೆಯನ್ನೇ ನೋಡಿ. ಕುಪ್ಪಳಿಯ ಕವಿಯ ಆ ಪದ್ಯ 2004ರಲ್ಲಿ ನಾಡಗೀತೆಯಾಯಿತು. ಆದರೆ ಅನಂತಸ್ವಾಮಿಯವರ ಧಾಟಿಯೋ ಅಶ್ವತ್ಥರ ಧಾಟಿಯೋ ಎಂಬ ಚರ್ಚೆ ಮಾತ್ರ ವರ್ಷಗಟ್ಟಲೆ ನಡೆಯಿತು. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರದೇ ಎಂದು ಆದೇಶ ಹೊರಡಿಸಿ, ಎರಡೂವರೆ ನಿಮಿಷದಲ್ಲಿ ಹಾಡಿ ಮುಗಿಸಬೇಕು ಎಂದೂ ಹೇಳಿತು. ವಿಷಯ ಹೈಕೋರ್ಟಿಗೂ ಹೋಯಿತು. ಹಾಡಿನ ಧಾಟಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುವ ಜನ ನಾವು ಎಂದು ಕೆಲವರು ನಕ್ಕರು. ನನಗೆ ಅದು ನಗುವ ವಿಷಯ ಎನಿಸಲಿಲ್ಲ. ಗಡಿಗೆ, ನೀರಿಗೆ ಕೋರ್ಟಿಗೆ ಹೋಗುವವರು ರಾಗಕ್ಕೂ ಹೋದರೆ ತಪ್ಪೇನು?

ಮಾವನಿಗೂ ಇಂಥದೊಂದು ಪ್ರಸಂಗ ಒದಗಿತು. ಒಂದು ವರ್ಷ ಅಡಿಕೆ ಸುಲಿಯುವ ಕಾಲದಲ್ಲಿ ಅವರು ಕಾಪಿಯಲ್ಲಿ ಒಂದು ಧಾಟಿ ಹಾಕಿದ್ದರು. ಅಂಗಳದ ಚಪ್ಪರದಲ್ಲಿ ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ರಾತ್ರಿ ಸುಲಿಯಲು ಕೂರುತ್ತಿದ್ದರು. ಜಗಲಿಯಲ್ಲಿ ಮಾವನ ಅಭ್ಯಾಸ. ದಿನವೂ ಅದನ್ನೇ ಕೇಳಿ ಕೇಳಿ ಹೆಂಗಸರ ಬಾಯಿಗೆ ಬಂತು. ಆದರೆ ಬಂದದ್ದು ಕವಿತೆಯಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು. ಕೈಯಲ್ಲಿ ಹಿಡಿದ ವಸ್ತುವನ್ನೇ ಹಾಡುವ ಸುಖ ಎಂಥದ್ದೆಂದು ಆ ರಾತ್ರಿಗಳಲ್ಲಿ ಕೇಳಬೇಕಿತ್ತು. ಒಬ್ಬಾಕೆ ಎತ್ತಿಕೊಂಡರೆ ಉಳಿದವರು ಗೊರಬಲಿನ ಹತ್ತಿರ ಸೇರಿಕೊಳ್ಳುವರು. ಮಾವ ಮಾತ್ರ ‘ಅದು ಸಾಹಿತ್ಯವಲ್ಲ ಮಾರಾಯ್ತಿ, ಸುಮ್ಮನೆ ಇಟ್ಟುಕೊಂಡದ್ದು’ ಎಂದು ಹೇಳಿ ಸೋತರು.

ಆಮೇಲೊಂದು ಬೇಸಿಗೆಯಲ್ಲಿ ಬೇರೆ ಊರಿನ ಮದುವೆಗೆ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಹೆಣ್ಣಿನ ಕಡೆಯವರು ಬೀಗರ ಹಾಡು ಶುರು ಮಾಡಿದರು. ಗಂಡಿನ ಅಪ್ಪನ ಹೊಟ್ಟೆ, ಅಮ್ಮನ ನಡೆ, ತಂದ ಸೀರೆಯ ಬಣ್ಣ ಎಲ್ಲವೂ ಬಂತು. ಧಾಟಿ ಮಾವನದು. ನಾನು ಪಕ್ಕದಲ್ಲೇ ಕೂತಿದ್ದೆ. ಅನ್ನ ಕಲಸುತ್ತಿದ್ದ ಕೈ ನಿಂತಿತು. ಮುಗಿಯುವವರೆಗೆ ಎಲೆ ನೋಡುತ್ತ ಕೂತಿದ್ದರು. ಆಮೇಲೆ ನನ್ನ ಕಡೆ ಬಾಗಿ, ‘ಮೂರನೇ ಸಾಲಿನ ಕಾಕಲಿ ನಿಷಾದ ನುಂಗಿದ್ದಾರೆ’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಇರಲಿ, ಹೀಗೂ ಚೆನ್ನಾಗಿದೆ’ ಎಂದು ಪಾಯಸ ಎರಡನೇ ಸಲ ಹಾಕಿಸಿಕೊಂಡರು. ಅವರು ಕೋರ್ಟಿಗೆ ಹೋಗಲಿಲ್ಲ. ನಾನು ಅತ್ತೆಯ ಪಂಕ್ತಿಯ ಕಡೆ ನೋಡಿದೆ. ಅವಳು ಆಗಲೇ ಇತ್ತ ನೋಡಿ ನಗುತ್ತಿದ್ದಳು.

ಈಗ ಫೋನಿನಲ್ಲೇ ಕರೋಕೆ ಇದೆ. ಶ್ರುತಿ ತಪ್ಪಿದರೆ ಅದೇ ತಿದ್ದುತ್ತದೆ, ಅಂಕವನ್ನೂ ಕೊಡುತ್ತದೆ. ನಮ್ಮ ಬೀದಿಯ ನಿವೃತ್ತ ಎಂಜಿನಿಯರೊಬ್ಬರು ಪಿ.ಬಿ. ಶ್ರೀನಿವಾಸರ ಹಾಡುಗಳನ್ನು ಹಾಡಿ ಬೆಳಿಗ್ಗೆ ಆರಕ್ಕೆ ಎಲ್ಲರಿಗೂ ಕಳಿಸುತ್ತಾರೆ. ನಾನು ತಪ್ಪದೆ ಕೇಳುತ್ತೇನೆ. ಹಾಡು ಯಾವುದೆಂದು ನೋಡಿದರೆ ಹಿಂದಿನ ದಿನ ಮನೆಯಲ್ಲಿ ಏನು ನಡೆದಿರಬಹುದು ಎಂಬ ಅಂದಾಜು ಸಿಗುತ್ತದೆ. ‘ಸೂಪರ್’ ಎಂದು ಹೆಬ್ಬೆರಳು ಒತ್ತಿ ಸುಮ್ಮನಾಗುವವರಿಗೆ ಇದು ತಿಳಿಯುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಹಾಡಿಕೊಳ್ಳುತ್ತಿದ್ದರೆ ಶ್ರುತಿ ತಪ್ಪಿತೋ ಎಂದು ಆಮೇಲೆ ನೋಡಿ. ಯಾಕೆ ಆ ಹಾಡೇ, ಯಾಕೆ ಇವತ್ತೇ, ಅದನ್ನು ಮೊದಲು ಕೇಳಿಸಿಕೊಳ್ಳಿ.

ಹಾರ್ಮೋನಿಯಂ ಈಗ ನನ್ನ ಹತ್ತಿರ ಇದೆ. ತಿದಿಯ ಪ್ಲಾಸ್ಟರು ಕಿತ್ತು ಬಂದಿದೆ, ನಡುವಿನ ಪಂಚಮ ಒತ್ತದೆಯೇ ಕೂಗುತ್ತದೆ, ಕಾಗದ ತೂರಿಸುವ ವಿದ್ಯೆ ನನ್ನ ಕೈಗೆ ಹತ್ತಿಲ್ಲ. ಶಿವಮೊಗ್ಗದ ಸುತ್ತಮುತ್ತ ಒಳ್ಳೆಯ ರಿಪೇರಿಯವರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ರಾಗ ಹಾಕುವವರು ಬೇಡ. ಅವರು ಬೇಕಾದಷ್ಟು ಜನ ಇದ್ದಾರೆ.